ಆ ಮನೆಯಲ್ಲಿ ಯಾರಿರುತ್ತಾರೆ? ಪರ್ವತದ ತಂಗುಮನೆಗೆ ಮೊದಲ ಬಾರಿ ಹೋಗುವವರಿಗೆ

ಪ್ರಶ್ನೆ: ಮುಂದಿನ ಬೇಸಿಗೆಯಲ್ಲಿ ನಾನು, ನನ್ನ ಪತ್ನಿ ಮತ್ತು ಹದಿನಾರು ವರ್ಷದ ಮಗಳು ಎತ್ತರದ ಪರ್ವತಗಳಲ್ಲಿ ನಾಲ್ಕು ಹಗಲು, ಮೂರು ರಾತ್ರಿ ನಡೆಯಬೇಕೆಂದಿದ್ದೇವೆ. ಟೆಂಟ್ ಹೊರುವ ಶಕ್ತಿ ನಮಗಿಲ್ಲ. ಹಾದಿಯಲ್ಲಿರುವ ಹಟ್‌ಗಳಲ್ಲಿ, ಅಂದರೆ ಚಾರಣಿಗರ ತಂಗುಮನೆಗಳಲ್ಲಿ ಉಳಿಯುವ ಯೋಚನೆ. ಅಲ್ಲಿ ಹಾಸಿಗೆ, ಊಟ, ನೀರು, ಶೌಚಾಲಯ ಹೇಗಿರುತ್ತವೆ? ಏನೇನು ಒಯ್ಯಬೇಕು? ಅಪರಿಚಿತರ ಜೊತೆ ಒಂದೇ ಕೋಣೆಯಲ್ಲಿ ಮಲಗಬೇಕಾಗುತ್ತದೆ ಎಂದು ಕೇಳಿ ಮಗಳು ಹಿಂಜರಿಯುತ್ತಿದ್ದಾಳೆ.

ಉತ್ತರ: ಹಾಸಿಗೆ, ಊಟ, ನೀರು, ಶೌಚಾಲಯ ಎಂದು ನಾಲ್ಕನ್ನು ಕೇಳಿದ್ದೀರಿ. ಈ ನಾಲ್ಕಕ್ಕೂ ಉತ್ತರ ಸಿಗುವುದು ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯಲ್ಲಿ: ನೀವು ತಲುಪಿದಾಗ ಆ ಮನೆಯಲ್ಲಿ ಯಾರಾದರೂ ಇರುತ್ತಾರೆಯೇ? ತಂಗುಮನೆ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಕಟ್ಟಡಗಳು ಜಗತ್ತಿನಲ್ಲಿವೆ. ಒಂದರಲ್ಲಿ ಬಿಸಿ ಸೂಪು ನಿಮಗಾಗಿ ಕಾಯುತ್ತಿರುತ್ತದೆ, ಇನ್ನೊಂದರಲ್ಲಿ ನಾಲ್ಕು ಗೋಡೆ ಮತ್ತು ಒಂದು ಪೊರಕೆ ಮಾತ್ರ ಇರುತ್ತದೆ. ಮೊದಲನೆಯದನ್ನು ಊಹಿಸಿಕೊಂಡು ಎರಡನೆಯದಕ್ಕೆ ಹೋದವರು ಪಡುವ ಪಾಡನ್ನು ನಾನು ಹಲವು ಸಲ ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆಲ್ಪ್ಸ್ ಪರ್ವತಗಳಲ್ಲಿ ಬೇಸಿಗೆಯ ಹೊತ್ತು ಬಹುಪಾಲು ತಂಗುಮನೆಗಳಲ್ಲಿ ಉಸ್ತುವಾರಿಯವರು ಇರುತ್ತಾರೆ. ರಾತ್ರಿಯ ಊಟ, ಬೆಳಗಿನ ಉಪಾಹಾರ, ಹಾಸಿಗೆ, ಕಂಬಳಿ ಎಲ್ಲವೂ ಅಲ್ಲೇ ಸಿಗುತ್ತವೆ. 1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ ಇಂತಹ ಸುಮಾರು ನೂರೈವತ್ತು ಮನೆಗಳನ್ನು ನಡೆಸುತ್ತದೆ. ಅಮೆರಿಕದ ವೈಟ್ ಮೌಂಟನ್ಸ್‌ನಲ್ಲಿ ಅಪಲೇಶಿಯನ್ ಮೌಂಟನ್ ಕ್ಲಬ್‌ನ ಎಂಟು ಮನೆಗಳಿವೆ, ಅವುಗಳ ಪರಂಪರೆ 1888ರಿಂದ ಬಂದದ್ದು. ಅಲ್ಲಿನ ಯುವ ಸಿಬ್ಬಂದಿ ತಾಜಾ ಆಹಾರವನ್ನು ಇಂದಿಗೂ ಬೆನ್ನ ಮೇಲೆ ಹೊತ್ತು ಹತ್ತುತ್ತಾರೆ. ನಾರ್ವೆಯ ಪ್ರವಾಸಿ ಸಂಘಕ್ಕೆ 550ಕ್ಕೂ ಹೆಚ್ಚು ಮನೆಗಳಿವೆ. ಅವುಗಳಲ್ಲಿ ಕೆಲವಲ್ಲಿ ಸಿಬ್ಬಂದಿ ಇರುತ್ತಾರೆ. ಕೆಲವಲ್ಲಿ ಯಾರೂ ಇಲ್ಲದಿದ್ದರೂ ಕಪಾಟಿನ ತುಂಬ ಡಬ್ಬಿ ಆಹಾರ ಇರುತ್ತದೆ. ಬೇಕಾದ್ದನ್ನು ತೆಗೆದುಕೊಂಡು, ತೆಗೆದುಕೊಂಡದ್ದನ್ನು ಬರೆದಿಟ್ಟು, ಹಣ ಪಾವತಿಸಿ ಹೋಗಬೇಕು. ಮತ್ತೆ ಕೆಲವಲ್ಲಿ ಒಲೆ, ಪಾತ್ರೆ, ಹಾಸಿಗೆ ಉಂಟು, ಊಟದ ಸಾಮಾನು ಮಾತ್ರ ಇಲ್ಲ. ಯಾರೂ ಕಾಯದ ಅಂಗಡಿ ಇಷ್ಟು ವರ್ಷಗಳಿಂದ ನಡೆಯುತ್ತಿದೆ ಎನ್ನುವುದು ನನಗೆ ಇಂದಿಗೂ ಮನಸ್ಸು ತುಂಬುವ ಸಂಗತಿ.

ನ್ಯೂಜಿಲೆಂಡಿನಲ್ಲಿ ಸಂರಕ್ಷಣಾ ಇಲಾಖೆ 950ಕ್ಕೂ ಹೆಚ್ಚು ಮನೆಗಳನ್ನು ನೋಡಿಕೊಳ್ಳುತ್ತದೆ. ಹೆಸರಾಂತ ಹಾದಿಗಳಲ್ಲಿರುವವಕ್ಕೆ ಮುಂಗಡ ಕಾಯ್ದಿರಿಸಬೇಕು. ಉಳಿದ ಬಹಳಷ್ಟು ಕಡೆ ಮೊದಲು ಬಂದವರಿಗೆ ಮೊದಲ ಹಾಸಿಗೆ, ಅಡುಗೆ ನಿಮ್ಮದೇ, ಎಷ್ಟೋ ಕಡೆ ಒಲೆಯೂ ನಿಮ್ಮದೇ. ಸ್ಕಾಟ್ಲೆಂಡಿನ ಬೋಥಿಗಳು ಇವೆಲ್ಲಕ್ಕಿಂತ ಬರಿದು. 1965ರಲ್ಲಿ ಆರಂಭವಾದ ಒಂದು ಸ್ವಯಂಸೇವಕ ಸಂಘ ಸುಮಾರು ನೂರು ಹಳೆಯ ಕಲ್ಲುಮನೆಗಳನ್ನು ದುರಸ್ತಿ ಮಾಡಿ ತೆರೆದಿಟ್ಟಿದೆ. ಶುಲ್ಕವಿಲ್ಲ, ಬೀಗವಿಲ್ಲ, ಹಾಸಿಗೆಯಿಲ್ಲ, ನಲ್ಲಿಯಿಲ್ಲ. ಶೌಚಕ್ಕೆ ಗೋಡೆಗೆ ಒರಗಿಸಿಟ್ಟ ಗುದ್ದಲಿ ಹಿಡಿದು ದೂರ ನಡೆಯಬೇಕು.

ನಿಮ್ಮ ಮೊದಲ ಪ್ರವಾಸಕ್ಕೆ ಉಸ್ತುವಾರಿ ಇರುವ ಮನೆಗಳನ್ನೇ ಆರಿಸಿ. ಇದು ಸುಖದ ಮಾತಲ್ಲ. ಹವಾಮಾನ ಹೇಗಿದೆ, ಮುಂದಿನ ಕಣಿವೆಯ ಸೇತುವೆ ಇದೆಯೇ ಕೊಚ್ಚಿಹೋಗಿದೆಯೇ, ಮೇಲಿನ ಕಣಿವೆದಾರಿಯಲ್ಲಿ ಹಿಮ ಎಷ್ಟು ಉಳಿದಿದೆ ಎಂದು ಅಲ್ಲೇ ಬದುಕುವ ಒಬ್ಬರು ಹೇಳಬಲ್ಲರು. ಯಾವ ನಕ್ಷೆಯೂ ಕೊಡದ ಮಾಹಿತಿ ಅದು. ದಿನ ನಿಗದಿ ಮಾಡುವ ಮುನ್ನ ಋತುವನ್ನೂ ನೋಡಿಕೊಳ್ಳಿ. ಅದೇ ಆಲ್ಪ್ಸ್ ಮನೆ ಋತು ಮುಗಿದ ಮರುವಾರವೇ ಬೀಗ ಹಾಕಿಕೊಂಡಿರುತ್ತದೆ. ಪಕ್ಕದಲ್ಲಿ ‘ಚಳಿಗಾಲದ ಕೋಣೆ’ ಎಂಬ ಚಿಕ್ಕ ಕೋಣೆಯೊಂದು ಮಾತ್ರ ತೆರೆದಿರಬಹುದು, ಕೆಲವು ಕಡೆ ಅದಕ್ಕೂ ಕೀಲಿಯನ್ನು ಊರಿನಿಂದಲೇ ಪಡೆದು ಹೋಗಬೇಕು.

ಕಾಯ್ದಿರಿಸುವುದನ್ನು ಹಗುರವಾಗಿ ಎಣಿಸಬೇಡಿ. ಆಲ್ಪ್ಸ್‌ನ ಅತಿ ಎತ್ತರದ ಶಿಖರವಾದ ಮಾಂಟ್ ಬ್ಲಾಂಕ್‌ಗೆ ಏರುವ ಸಾಮಾನ್ಯ ಹಾದಿಯಲ್ಲಿ 3,835 ಮೀಟರ್ ಎತ್ತರದಲ್ಲಿರುವ ಗೂಟೆ ತಂಗುಮನೆಗೆ ಕಾಯ್ದಿರಿಸದೆ ಹೋಗುವಂತೆಯೇ ಇಲ್ಲ. ರದ್ದು ಮಾಡುವುದಂತೂ ಇನ್ನೂ ಮುಖ್ಯ. ಬರುತ್ತೇವೆಂದು ಹೇಳಿ ಬಾರದ ಮೂವರ ಬಗ್ಗೆ ಒಂದು ಸಂಜೆ ಉಸ್ತುವಾರಿಯ ಹೆಂಗಸೊಬ್ಬರು ಬಾಗಿಲಿಗೂ ಕಿಟಕಿಗೂ ಎಡತಾಕುತ್ತಿದ್ದುದನ್ನು ನೋಡಿದ್ದೇನೆ. ಹೊರಗೆ ಮಂಜು ಕವಿದಿತ್ತು. ಕತ್ತಲಾದ ಮೇಲೆ ದೂರವಾಣಿಯಲ್ಲಿ ಅವರಲ್ಲೊಬ್ಬರು ಸಿಕ್ಕಿದರು: ಹವೆ ಸರಿಯಿಲ್ಲವೆಂದು ಬೆಳಿಗ್ಗೆಯೇ ಯೋಜನೆ ಬದಲಿಸಿ ಕೆಳಗೆ ಊರಿನಲ್ಲಿ ಊಟ ಮಾಡುತ್ತಿದ್ದರಂತೆ. ಇನ್ನೊಂದು ಗಂಟೆ ಕಳೆದಿದ್ದರೆ ಅವರನ್ನು ಹುಡುಕಲು ರಕ್ಷಣಾ ತಂಡ ಆ ಮಂಜಿನೊಳಗೆ ಇಳಿಯುತ್ತಿತ್ತು. ಬದಲಾವಣೆ ತಿಳಿಸುವ ಒಂದು ಕರೆ ಸೌಜನ್ಯವಷ್ಟೇ ಅಲ್ಲ, ಇನ್ನೊಬ್ಬರ ಜೀವಕ್ಕೆ ನೀವು ಕೊಡುವ ಬೆಲೆ.

ತಲುಪುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಸ್ಕಾಟ್ಲೆಂಡಿನ ಆರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಸಮತಟ್ಟಿನಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದೂರ, 900 ಮೀಟರ್ ಏರು ಎಂದರೆ ಮೂರೂವರೆ ಗಂಟೆ. ಆದರೆ ಇದು ಗಟ್ಟಿ ಕಾಲಿನವರ, ವಿಶ್ರಾಂತಿ ಸೇರಿಸದ ಲೆಕ್ಕ. ನೀವು ಐದು ಗಂಟೆ ಎಂದಿಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನ ಹಳದಿ ಫಲಕಗಳಲ್ಲಿ ಬರೆದಿರುವ ಸಮಯದಲ್ಲಿಯೂ ವಿಶ್ರಾಂತಿ ಸೇರಿರುವುದಿಲ್ಲ. ಬೇಸಿಗೆಯ ಪರ್ವತಗಳಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಕಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಎರಡರೊಳಗೆ ಸೂರಿನಡಿ ಸೇರುವಂತೆ ದಿನವನ್ನು ಹೊಂದಿಸಿದರೆ ಒಳ್ಳೆಯದು. ಆಗ ಒದ್ದೆ ಬಟ್ಟೆ ಒಣಗಲು ಸಮಯವೂ ಸಿಗುತ್ತದೆ, ಗೋಡೆ ಬದಿಯ ಹಾಸಿಗೆಯೂ ಸಿಗುತ್ತದೆ.

ಬಾಗಿಲು ದಾಟಿದ ಕೂಡಲೇ ಬೂಟು ಕಳಚಬೇಕು. ಬೂಟು, ಊರುಗೋಲು, ಒದ್ದೆ ಮಳೆಯಂಗಿಗಳಿಗೆ ಪ್ರತ್ಯೇಕ ಕೋಣೆ ಇರುತ್ತದೆ. ಒಳಗೆ ಓಡಾಡಲು ಹಲವು ಕಡೆ ಚಪ್ಪಲಿ ಕೊಡುತ್ತಾರೆ, ನಂಬಿಕೊಳ್ಳದೆ ಹಗುರವಾದ ಒಂದು ಜೊತೆ ಒಯ್ಯಿರಿ. ನಿಮ್ಮ ಬೂಟಿಗೆ ಗುರುತಿನ ದಾರ ಕಟ್ಟಿ. ನಲವತ್ತು ಜೊತೆ ಕಪ್ಪು ಬೂಟುಗಳ ನಡುವೆ ನಸುಕಿನಲ್ಲಿ ಯಾರೋ ನಿಮ್ಮದನ್ನು ಮೆಟ್ಟಿಕೊಂಡು ಹೊರಟರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. ನಂತರ ಹೆಸರು ನೋಂದಾಯಿಸಿ. ದಾಖಲೆ ಪುಸ್ತಕದಲ್ಲಿ ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ, ಎಷ್ಟು ಮಂದಿ ಎಂದು ಬರೆಯುವ ಅಂಕಣಗಳಿರುತ್ತವೆ. ಅದನ್ನು ಸ್ಪಷ್ಟವಾಗಿ, ನಿಜವಾಗಿ ತುಂಬಿ. ಮೊಬೈಲ್ ಸಂಪರ್ಕ ಇಲ್ಲದ ಕಣಿವೆಯಲ್ಲಿ ನೀವು ತಪ್ಪಿಹೋದರೆ ಹುಡುಕುವವರು ಮೊದಲು ತೆರೆಯುವುದು ಆ ಪುಟವನ್ನು. ರಾತ್ರಿ ತಂಗದೆ ಬರಿದೆ ಹಾದುಹೋಗುವ ಮನೆಯಲ್ಲಿಯೂ ಬರೆದು ಹೋಗಿ.

ಈಗ ನಿದ್ರೆಯ ವಿಷಯ. ನಿಮ್ಮ ಮಗಳ ಹಿಂಜರಿಕೆ ಸಹಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಬಹುತೇಕ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಹಲಗೆಯ ಅಟ್ಟ, ಅದರ ಮೇಲೆ ಸಾಲಾಗಿ ಹಾಸಿಗೆಗಳು. ಗಂಡಸರು, ಹೆಂಗಸರು ಎಂಬ ವಿಂಗಡಣೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಭುಜಕ್ಕೂ ಪಕ್ಕದವರ ಭುಜಕ್ಕೂ ನಡುವೆ ಒಂದೆರಡು ಗೇಣು ಜಾಗ. ಕೆಲವು ಮನೆಗಳಲ್ಲಿ ನಾಲ್ಕು ಅಥವಾ ಆರು ಹಾಸಿಗೆಗಳ ಸಣ್ಣ ಕೋಣೆಗಳಿರುತ್ತವೆ. ಕಾಯ್ದಿರಿಸುವಾಗಲೇ ಕುಟುಂಬವೆಂದು ತಿಳಿಸಿ ಅದನ್ನು ಕೇಳಿ. ಸಿಗದಿದ್ದರೆ ಮಗಳಿಗೆ ಗೋಡೆಯ ಬದಿ, ಪಕ್ಕದಲ್ಲಿ ತಾಯಿ, ಆಮೇಲೆ ನೀವು. ಮರುದಿನ ತೊಡುವ ಒಳಪದರದ ಉಡುಪಿನಲ್ಲೇ ಎಲ್ಲರೂ ಮಲಗುತ್ತಾರೆ, ಆದ್ದರಿಂದ ಬಟ್ಟೆ ಬದಲಿಸುವ ಮುಜುಗರ ಕಡಿಮೆ. ಮುಟ್ಟಿನ ದಿನಗಳು ಬರುವಂತಿದ್ದರೆ ಅದಕ್ಕೆ ಬೇಕಾದುದನ್ನು ಪೂರ್ತಿ ಒಯ್ಯಬೇಕು, ಬಳಸಿದ್ದನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಅಲ್ಲಿನ ಶೌಚಗುಂಡಿಯಲ್ಲಿ ಅದು ಕರಗುವುದಿಲ್ಲ. ಇದನ್ನು ಹೊರಡುವ ಮುನ್ನ ಮನೆಯಲ್ಲೇ ಅವಳಿಗೆ ನೇರವಾಗಿ ಹೇಳಿಬಿಟ್ಟರೆ ಅರ್ಧ ಆತಂಕ ಕಳೆಯುತ್ತದೆ. ಉಳಿದರ್ಧ ಊಟದ ಮೇಜಿನ ಬಳಿ ಕಳೆಯುವುದನ್ನು ನೋಡಿದ್ದೇನೆ. ಉದ್ದನೆಯ ಬೆಂಚಿನಲ್ಲಿ ಎದುರುಬದುರು ಕುಳಿತು ಒಂದೇ ಪಾತ್ರೆಯಿಂದ ಬಡಿಸಿಕೊಂಡವರು ರಾತ್ರಿಯ ಹೊತ್ತಿಗೆ ಪೂರ್ಣ ಅಪರಿಚಿತರಾಗಿ ಉಳಿದಿರುವುದಿಲ್ಲ. ಆದರೂ ಯಾರದಾದರೂ ನಡವಳಿಕೆ ಸರಿ ಕಾಣದಿದ್ದರೆ ಸಂಕೋಚ ಬಿಟ್ಟು ಉಸ್ತುವಾರಿಯವರಿಗೆ ತಿಳಿಸಿ, ಜಾಗ ಬದಲಿಸಿಕೊಳ್ಳಿ.

ಕಂಬಳಿ ಕೊಡುತ್ತಾರೆ, ಆದರೆ ಪ್ರತಿ ಅತಿಥಿಗೂ ತೊಳೆದು ಕೊಡಲು ಅಲ್ಲಿ ನೀರಿಲ್ಲ. ಅದಕ್ಕಾಗಿಯೇ ಸ್ವಿಸ್ ಮನೆಗಳಲ್ಲಿ ರೇಷ್ಮೆ ಅಥವಾ ಹತ್ತಿಯ ತೆಳು ಒಳಚೀಲವೊಂದನ್ನು ಪ್ರತಿಯೊಬ್ಬರೂ ತರಲೇಬೇಕೆಂಬ ನಿಯಮವಿದೆ. ಅದರೊಳಗೆ ಹೊಕ್ಕು ಮೇಲೆ ಕಂಬಳಿ ಹೊದೆಯಬೇಕು. ರೇಷ್ಮೆಯದು ಮುಷ್ಟಿಯಷ್ಟಾಗಿ ಮಡಚಿಕೊಳ್ಳುತ್ತದೆ. ಉಸ್ತುವಾರಿ ಇಲ್ಲದ ಮನೆಯಾದರೆ ಕಂಬಳಿಯ ಭರವಸೆಯೂ ಇಲ್ಲ, ನಿದ್ರಾಚೀಲವನ್ನೇ ಹೊರಬೇಕು. ಕಿವಿಗೆ ಬೆಣೆ ಮರೆಯಬೇಡಿ. ಇಪ್ಪತ್ತು ಮಂದಿ ದಣಿದವರು ಮಲಗಿದ ಕೋಣೆಯಲ್ಲಿ ಗೊರಕೆ ಇದ್ದೇ ಇರುತ್ತದೆ.

ರಾತ್ರಿ ಹತ್ತಕ್ಕೆ ಮೌನ. ಶಿಖರಕ್ಕೆ ಹೊರಡುವವರು ಎರಡು ಮೂರು ಗಂಟೆಗೇ ಏಳುತ್ತಾರೆ. ಹಾಗಾಗಿ ಚೀಲವನ್ನು ಸಂಜೆಯೇ ಕಟ್ಟಿಡುವುದು ತಂಗುಮನೆಯ ಅತಿ ದೊಡ್ಡ ಮರ್ಯಾದೆ. ಕತ್ತಲಲ್ಲಿ ಪ್ಲಾಸ್ಟಿಕ್ ಚೀಲಗಳ ಸರಬರ ಸದ್ದಿನಷ್ಟು ನಿದ್ದೆಗೆಡಿಸುವುದು ಮತ್ತೊಂದಿಲ್ಲ. ತಲೆಗೆ ಕಟ್ಟುವ ದೀಪವನ್ನು ಹಾಸಿಗೆಯ ಪಕ್ಕದಲ್ಲೇ ಇರಿಸಿ, ಸಾಧ್ಯವಾದರೆ ಕೆಂಪು ಬೆಳಕಿಗೆ ಹೊಂದಿಸಿ, ಯಾರ ಮುಖಕ್ಕೂ ಬೀಳದಂತೆ ನೆಲಕ್ಕೆ ಬಾಗಿಸಿ.

ಎತ್ತರದಲ್ಲಿ ನಿದ್ರೆಯೇ ಬೇರೆ ತೆರನಾಗಿರುತ್ತದೆ. 2,500 ಮೀಟರ್ ದಾಟಿದ ಮೇಲೆ ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಕಾಣಿಸಿಕೊಳ್ಳಬಹುದು. ಮಲಗಿದಾಗ ಉಸಿರು ಏರಿ, ಇಳಿದು, ಕೆಲವು ಕ್ಷಣ ನಿಂತು, ಮತ್ತೆ ದೀರ್ಘವಾಗಿ ಎಳೆದುಕೊಂಡು ಎಚ್ಚರವಾಗುವುದುಂಟು. ಮೊದಲ ಸಲ ಅನುಭವಿಸುವವರು ಗಾಬರಿಯಾಗುತ್ತಾರೆ. ಇದು ಎತ್ತರಕ್ಕೆ ದೇಹ ಹೊಂದಿಕೊಳ್ಳುವಾಗ ಸಾಮಾನ್ಯ. ಆಲ್ಪ್ಸ್‌ನ ಮಾಂಟೆ ರೋಸಾ ಪರ್ವತಸಮೂಹದ ಶಿಖರವೊಂದರ ಮೇಲೆ, 4,554 ಮೀಟರ್ ಎತ್ತರದಲ್ಲಿ, 1893ರಲ್ಲಿ ತೆರೆದ ಮಾರ್ಗರಿಟಾ ತಂಗುಮನೆಯಿದೆ. ಎತ್ತರದ ಕಾಯಿಲೆಯ ಬಗ್ಗೆ ವೈದ್ಯಕೀಯ ಅಧ್ಯಯನಗಳು ಅಲ್ಲಿ ನಡೆಯುತ್ತ ಬಂದಿರುವುದು ಸುಮ್ಮನೆ ಅಲ್ಲ. ನಿಮ್ಮ ಯೋಜನೆಯಲ್ಲಿ 3,000 ಮೀಟರಿಗೂ ಮೇಲಿನ ಮನೆಗಳಿದ್ದರೆ, ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ತಲೆನೋವು ಹೆಚ್ಚುತ್ತ ಹೋದರೆ ಮೇಲೆ ಹೋಗಬಾರದು. ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ, ಕುಳಿತಿದ್ದರೂ ಏದುಸಿರು ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಉಸ್ತುವಾರಿಯನ್ನು ಎಬ್ಬಿಸಿ, ಕೆಳಗಿಳಿಯುವ ಏರ್ಪಾಡು ಮಾಡಿ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು, ಏಕೆಂದರೆ ಅನುಭವಿಗಳೂ ಇಲ್ಲಿ ಎಡವುತ್ತಾರೆ. ಒಲೆ ಉರಿಯುವ ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಮೊದಲ ಲಕ್ಷಣಗಳೂ ತಲೆನೋವು, ವಾಕರಿಕೆ, ಮಂಕು. ಎಂದರೆ ಎತ್ತರದ ಕಾಯಿಲೆಯ ಲಕ್ಷಣಗಳೇ. ಉಸ್ತುವಾರಿ ಇಲ್ಲದ ಮನೆಯೊಂದರಲ್ಲಿ ಮಳೆಯ ಸಂಜೆ ನಾವು ಐವರು ಕಿಟಕಿ ಬಾಗಿಲು ಬಿಗಿದು, ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡುತ್ತ, ಕಟ್ಟಿಗೆ ಒಲೆಯನ್ನೂ ಹೊತ್ತಿಸಿ ಕುಳಿತಿದ್ದೆವು. ಒಬ್ಬರಾದ ಮೇಲೆ ಒಬ್ಬರು ತಲೆ ಹಿಡಿದುಕೊಂಡರು. ಎತ್ತರದ ತೊಂದರೆ ಎಂದೇ ಅಂದುಕೊಂಡೆವು. ಅಷ್ಟರಲ್ಲಿ ಹೊರಗಿನಿಂದ ಬಂದ ಚಾರಣಿಗರೊಬ್ಬರು ಒಳಗೆ ಕಾಲಿಟ್ಟವರೇ ಎಲ್ಲ ಕಿಟಕಿಗಳನ್ನೂ ತೆರೆದರು. ಹೊರಗೆ ನಿಂತ ಮೇಲೆ ಮೆಲ್ಲಗೆ ತಲೆ ತಿಳಿಯಾಯಿತು. ಆ ಮನೆಯ ಎತ್ತರ ಕೇವಲ 1,400 ಮೀಟರ್ ಎಂಬುದು ಆಗ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೋಣೆಯಲ್ಲಿ ಹಲವರಿಗೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಗಾಳಿಯನ್ನು ಸಂಶಯಿಸಿ. ಮಲಗುವ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚಬೇಡಿ, ಹೊಗೆಕೊಳವೆಯ ಕವಾಟ ತೆರೆದಿದೆಯೇ ನೋಡಿ, ಎಷ್ಟೇ ಚಳಿ ಇದ್ದರೂ ಒಂದು ಕಿಟಕಿಯ ಸಂದನ್ನು ಬಿಡಿ.

ನೀರು. ನಿಮ್ಮ ನಿರೀಕ್ಷೆಗೂ ವಾಸ್ತವಕ್ಕೂ ಹೆಚ್ಚು ಅಂತರ ಇರುವುದು ಇಲ್ಲಿ. ಸುತ್ತ ಹಿಮನದಿಯೇ ಇರುವ ಮನೆಯಲ್ಲಿ ಕೈ ತೊಳೆಯಲು ನೀರಿಲ್ಲವೆಂದರೆ ಹೊಸಬರು ನಂಬುವುದಿಲ್ಲ. ಹಿಮ ಕರಗಿ ಹರಿಯುವುದು ವರ್ಷದ ಕೆಲವೇ ತಿಂಗಳು, ಅದೂ ಹಗಲಿನ ಬೆಚ್ಚನೆಯ ಹೊತ್ತು. ಮಾಂಟೆ ರೋಸಾದಲ್ಲಿ 2,883 ಮೀಟರ್ ಎತ್ತರದಲ್ಲಿ 2009ರಲ್ಲಿ ಕಟ್ಟಿದ ಹೊಸ ತಂಗುಮನೆ ಬಹುಪಾಲು ಸೂರ್ಯನ ಶಕ್ತಿಯಿಂದಲೇ ನಡೆಯುವಂತೆ ರೂಪಿಸಿದ್ದು. ಅಂತಹ ಆಧುನಿಕ ಕಟ್ಟಡವೂ ಬೇಸಿಗೆಯ ಕರಗುನೀರನ್ನು ಬಂಡೆಯೊಳಗಿನ ತೊಟ್ಟಿಯಲ್ಲಿ ಕೂಡಿಟ್ಟುಕೊಂಡೇ ಬದುಕಬೇಕು. ಆದ್ದರಿಂದ ಸ್ನಾನದ ಆಸೆ ಬಿಡಿ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡರೆ ಸಾಕು. ನಲ್ಲಿಯ ಮೇಲೆ ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕವಿದ್ದರೆ ಅದು ನಿಜವೆಂದೇ ತಿಳಿಯಿರಿ. ಕುದಿಸಿದ ನೀರನ್ನೋ ಬಾಟಲಿ ನೀರನ್ನೋ ಕೊಳ್ಳಬೇಕಾಗುತ್ತದೆ. ತೊರೆಯ ನೀರನ್ನು ನೀವೇ ಕುದಿಸುವುದಾದರೆ ಒಂದು ನಿಮಿಷ ಕೊತಕೊತ ಕುದಿಯಲಿ, 2,000 ಮೀಟರಿಗೂ ಮೇಲೆ ಮೂರು ನಿಮಿಷ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ: 3,000 ಮೀಟರಿನಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿ ಬರುತ್ತದೆ. ಗಟ್ಟಿ ಕಾಳುಗಳು ಗಂಟೆಗಟ್ಟಲೆ ಕುಳಿತರೂ ಬೇಯದಿರುವುದು ಇದರಿಂದಲೇ. ನೀವೇ ಅಡುಗೆ ಮಾಡುವ ಮನೆಗಳಿಗೆ ಬೇಗ ಮೃದುವಾಗುವ ಪದಾರ್ಥಗಳನ್ನಷ್ಟೇ ಒಯ್ಯಿರಿ.

ಶೌಚಾಲಯ ಹಲವು ಕಡೆ ಮನೆಯ ಹೊರಗೆ, ನೀರಿಲ್ಲದ ಗುಂಡಿಯ ಮಾದರಿಯದು. ಕಾಗದ ಮತ್ತು ಕೈ ಶುಚಿಗೊಳಿಸುವ ದ್ರವ ನಿಮ್ಮ ಜೇಬಿನಲ್ಲಿರಲಿ.

ಊಟಕ್ಕೆ ಆಯ್ಕೆ ಇರುವುದಿಲ್ಲ, ಹೊತ್ತು ನಿಗದಿಯಾಗಿರುತ್ತದೆ. ಅಪಲೇಶಿಯನ್ ಕ್ಲಬ್ಬಿನ ಮನೆಗಳಲ್ಲಿ ಸಂಜೆ ಆರಕ್ಕೆ ಎಲ್ಲರಿಗೂ ಒಟ್ಟಿಗೆ ಬಡಿಸುತ್ತಾರೆ. ಮಾಂಸ ತಿನ್ನದವರು, ಅಲರ್ಜಿ ಇರುವವರು ಕಾಯ್ದಿರಿಸುವಾಗಲೇ ಹೇಳಬೇಕು, ಮೇಜಿನ ಮುಂದೆ ಕುಳಿತ ಮೇಲಲ್ಲ. ಅಲ್ಲಿಗೆ ಪ್ರತಿ ಆಲೂಗಡ್ಡೆಯೂ ಹೆಲಿಕಾಪ್ಟರಿನಲ್ಲೋ ಯಾರದೋ ಬೆನ್ನಿನಲ್ಲೋ ಬಂದಿರುತ್ತದೆ. ಊಟ ದುಬಾರಿ ಎಂದು ಗೊಣಗುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಕಸ ಮಾತ್ರ ನಿಮ್ಮ ಜೊತೆಯಲ್ಲೇ ಇಳಿಯಬೇಕು. ನಗದು ಹಣ ಇಟ್ಟುಕೊಂಡಿರಿ, ಕಾರ್ಡ್ ಯಂತ್ರಕ್ಕೆ ಸಂಪರ್ಕ ಸಿಗದ ದಿನಗಳಿರುತ್ತವೆ. ಫೋನ್ ಚಾರ್ಜ್ ಮಾಡುವ ಜಾಗವೂ ಒಂದೆರಡೇ ಇರುವುದರಿಂದ ಪವರ್ ಬ್ಯಾಂಕ್ ಒಯ್ಯುವುದು ವಾಸಿ. ಯುರೋಪಿನಲ್ಲಿ ತುರ್ತು ಸಂಖ್ಯೆ 112. ಸಂಪರ್ಕವೇ ಇಲ್ಲದಾಗ ಆಲ್ಪ್ಸ್‌ನ ಹಳೆಯ ಸಂಕೇತವನ್ನು ನೆನಪಿಡಿ: ಸೀಟಿಯಿಂದಾಗಲಿ ದೀಪದಿಂದಾಗಲಿ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಮೂರು ಸಲ ಮರುಸಂಕೇತ ಬಂದರೆ ಯಾರೋ ಗಮನಿಸಿದ್ದಾರೆ ಎಂದರ್ಥ.

ಏನು ಹೊರಬೇಕೆಂಬ ಪ್ರಶ್ನೆಗೆ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಆ ಮನೆ ಸಿಗದಿದ್ದರೆ ಈ ಚೀಲದಿಂದ ಒಂದು ರಾತ್ರಿ ಜೀವ ಉಳಿಯುತ್ತದೆಯೇ? ಮಂಜಿನಲ್ಲಿ ದಾರಿ ತಪ್ಪಬಹುದು, ಮಗಳ ಕಾಲು ಉಳುಕಬಹುದು, ತೊರೆ ತುಂಬಿ ದಾಟಲಾಗದೆ ಈಚೆಗೇ ಉಳಿಯಬೇಕಾಗಬಹುದು. ಸೂರು ಇದೆಯೆಂಬ ಧೈರ್ಯದಲ್ಲಿ ಬೆಚ್ಚನೆಯ ಬಟ್ಟೆಯನ್ನೇ ಬಿಟ್ಟು ಬರುವವರು ದೊಡ್ಡ ತಪ್ಪು ಮಾಡುತ್ತಾರೆ. ಮೂವರಿಗೂ ಒಂದೊಂದು ಮಳೆಯಂಗಿ, ಒಂದೊಂದು ಬೆಚ್ಚನೆಯ ಜಾಕೆಟ್, ಟೋಪಿ, ಕೈಗವಸು, ತಲೆದೀಪ, ಸೀಟಿ. ಮೂವರೂ ಒಳಗೆ ಕೂರಬಲ್ಲ ಹಗುರವಾದ ತುರ್ತು ಹೊದಿಕೆಯೊಂದು. ಒಂದು ದಿನಕ್ಕೆ ಹೆಚ್ಚುವರಿ ಆಹಾರ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಕಾಗದದ ನಕ್ಷೆ. ಒಳಚೀಲ, ಒಂದು ಜೊತೆ ಒಣ ಕಾಲುಚೀಲ, ಚಪ್ಪಲಿ ಸೇರಿದರೆ ಚೀಲ ಬಹುಮಟ್ಟಿಗೆ ತುಂಬಿತು. ದಿನಕ್ಕೊಂದು ಅಂಗಿ ಬೇಡ. ಎಲ್ಲರ ಮೈಯೂ ಅಲ್ಲಿ ಒಂದೇ ವಾಸನೆ ಬೀರುತ್ತದೆ, ಯಾರೂ ಮೂಗು ಮುರಿಯುವುದಿಲ್ಲ. ಆಹಾರವನ್ನು ಇಲಿಗಳಿಗೆ ಎಟುಕದಂತೆ ತೂಗುಹಾಕಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಾದರೆ ಬೂಟನ್ನೂ ಹೊರಗೆ ಬಿಡಬೇಡಿ, ಕಿಯಾ ಎಂಬ ಪರ್ವತ ಗಿಳಿ ರಬ್ಬರನ್ನು ಕಿತ್ತು ಹರಿದುಹಾಕುತ್ತದೆ.

ಮುಂದೊಂದು ದಿನ ಉಸ್ತುವಾರಿ ಇಲ್ಲದ ಮನೆಗೆ ಹೋದಾಗ ಈ ಎರಡು ವಿಷಯ ನೆನಪಿರಲಿ. ಹಾಸಿಗೆಗಳೆಲ್ಲ ಭರ್ತಿಯಾಗಿ, ನೀವು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಒದ್ದೆ ಮುದ್ದೆಯಾದ ಇಬ್ಬರು ಬಾಗಿಲು ತಳ್ಳಿಕೊಂಡು ಬರಬಹುದು. ಎದ್ದು, ಜಾಗ ಮಾಡಿ, ಒಲೆಯ ಮೇಲೆ ನೀರಿಡಿ. ‘ಇಲ್ಲಿ ಜಾಗವಿಲ್ಲ’ ಎಂಬ ಮಾತು ಪರ್ವತದಲ್ಲಿ ಹೇಳುವಂಥದ್ದಲ್ಲ. ಎರಡನೆಯದು ಬೆಳಿಗ್ಗೆ ಹೊರಡುವಾಗ: ಕಟ್ಟಿಗೆಯ ಪೆಟ್ಟಿಗೆಯನ್ನು ತುಂಬಿಸಿ, ಒಣ ಸೀಳುಗಳನ್ನು ಒಲೆಯ ಪಕ್ಕದಲ್ಲೇ ಜೋಡಿಸಿ, ಬೂದಿ ಪೂರ್ತಿ ತಣ್ಣಗಾಗಿದೆಯೇ ನೋಡಿ, ನೆಲ ಗುಡಿಸಿ, ಕಿಟಕಿಗಳ ಅಗುಳಿ ಹಾಕಿ. ಮುಂದೆ ಬರುವವರ ಬೆರಳುಗಳು ಚಳಿಗೆ ಮರಗಟ್ಟಿರಬಹುದು. ಕಟ್ಟಿಗೆ ಸೀಳುವ ಶಕ್ತಿ ಅವುಗಳಲ್ಲಿ ಇರುವುದಿಲ್ಲ.

ಕೊನೆಯದಾಗಿ ನಿಮ್ಮ ಯೋಜನೆಗೇ ಒಂದು ತಿದ್ದುಪಡಿ. ಮೂರು ರಾತ್ರಿಗೆ ಮೂರು ಮನೆ ಎಂದು ಇಟ್ಟುಕೊಳ್ಳಬೇಡಿ. ಮೊದಲ ಎರಡು ರಾತ್ರಿ ಒಂದೇ ಮನೆಯಲ್ಲಿರಿ, 2,000 ಮೀಟರಿನ ಆಸುಪಾಸಿನದಾದರೆ ಉತ್ತಮ. ಎರಡನೆಯ ದಿನ ಭಾರದ ಚೀಲಗಳನ್ನು ಅಲ್ಲೇ ಬಿಟ್ಟು, ಬೆಚ್ಚನೆಯ ಬಟ್ಟೆ, ಮಳೆಯಂಗಿ ಮತ್ತು ಮೇಲೆ ಹೇಳಿದ ತುರ್ತು ಸಾಮಾನುಗಳನ್ನಷ್ಟೇ ಹೊತ್ತು ಸುತ್ತಲಿನ ಯಾವುದಾದರೂ ಕೆರೆಗೋ ದಿಣ್ಣೆಗೋ ಹೋಗಿ ಬನ್ನಿ. ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ, ಎರಡನೆಯ ರಾತ್ರಿ ಬರುತ್ತದೆ. ಶೌಚಾಲಯದ ದಾರಿ, ಬೂಟಿನ ಜಾಗ, ಉಸ್ತುವಾರಿಯವರ ಹೆಸರು ಅಷ್ಟರಲ್ಲಿ ಮಗಳಿಗೆ ಪರಿಚಯವಾಗಿರುತ್ತವೆ. ಮೂರನೆಯ ರಾತ್ರಿಗೆ ಮೇಲಿನ ಮನೆಗೆ ಏರಬೇಕೇ, ಅಲ್ಲೇ ಉಳಿಯಬೇಕೇ ಎಂಬುದನ್ನು ಎರಡನೆಯ ಸಂಜೆ ಊಟವಾದ ಮೇಲೆ ಮೂವರೂ ಕುಳಿತು ತೀರ್ಮಾನಿಸಿ, ಮೊದಲ ಮಾತು ಮಗಳದಾಗಿರಲಿ. ಉಳಿಯುವುದಾದರೆ ಮೇಲಿನ ಮನೆಗೆ ಅದೇ ಸಂಜೆ ಕರೆ ಮಾಡಿ ತಿಳಿಸಿಬಿಡಿ.